ಅವರನ್ನು ನೆನೆಯುವುದು ಹೇಗೆ, ತೋಟವನ್ನು ಏನು ಮಾಡುವುದು?

ಪ್ರಶ್ನೆ: ನಮ್ಮದು ಶಿರ್ವದ ಹತ್ತಿರ ಮೂರು ಎಕ್ರೆ ತೋಟ. ಅಡಿಕೆ, ತೆಂಗು, ಜೊತೆಗೆ ಮಲ್ಲಿಗೆ. ಮಾವನ ಕಾಲದಲ್ಲಿ, ಉಳುವವನೇ ಒಡೆಯ ಅಂತ ಬಂದ ಕಾನೂನಿನ ಡಿಕ್ಲರೇಶನ್‌ನಲ್ಲಿ ಸಿಕ್ಕಿದ ಜಾಗ. ನಮ್ಮ ಮನೆಯವರು ಮೂವತ್ತು ವರ್ಷ ಅದನ್ನು ನಡೆಸಿದರು, ಮಲ್ಲಿಗೆ ಗಿಡದ ಸಣ್ಣ ನರ್ಸರಿಯೂ ಇತ್ತು. ಹೋದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹೃದಯಾಘಾತವಾಗಿ ಹೋಗಿಬಿಟ್ಟರು. ಮಗ ದುಬೈಯಲ್ಲಿ, ಮಗಳು ಬೆಂಗಳೂರಿನಲ್ಲಿ. ವರ್ಷಾಂತಿಕಕ್ಕೆ ಅಪ್ಪನ ಹೆಸರಿನಲ್ಲಿ ಬಸ್ ತಂಗುದಾಣ ಕಟ್ಟಿಸಬೇಕು, ಸಣ್ಣ ಪುಸ್ತಕ ಮಾಡಬೇಕು ಅಂತ ಮಕ್ಕಳ ಆಸೆ. ಪುಸ್ತಕಕ್ಕೆ ನಾನೂ ನಾಲ್ಕು ಸಾಲು ಬರೆಯಬೇಕಂತೆ. ಕೂತರೆ ಒಂದು ಸಾಲೂ ಬರುವುದಿಲ್ಲ. ಅವರು ಲೆಕ್ಕ ಗೀಚಿಟ್ಟ ಹಳೆ ಕ್ಯಾಲೆಂಡರ್‌ಗಳ ಕಟ್ಟು ಇದೆ, ಬಿಚ್ಚಲು ಧೈರ್ಯ ಇಲ್ಲ. ತೋಟ ಲೀಸಿಗೆ ಕೊಡಿ ಅಂತ ಮೈದುನ ಹೇಳುತ್ತಿದ್ದಾನೆ. ನಾನು ಹೂ ಕಟ್ಟಿದ್ದು ಬಿಟ್ಟರೆ ವ್ಯವಹಾರ ನೋಡಿದವಳಲ್ಲ. ಕೆಲವು ದಿನ ಕೆಲಸದ ಗಡಿಬಿಡಿಯಲ್ಲಿ ಅವರ ನೆನಪೇ ಆಗುವುದಿಲ್ಲ. ರಾತ್ರಿ ಅದು ಗೊತ್ತಾದಾಗ ಏನೋ ತಪ್ಪು ಮಾಡಿದ ಹಾಗೆ ಆಗುತ್ತದೆ. ಏನು ಮಾಡಲಿ?

ಉತ್ತರ (ಆಪ್ತ ಸಲಹೆಗಾರ್ತಿ, ಉಡುಪಿ):

ಅಕ್ಕ, ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಉಳಿದದ್ದಕ್ಕೆಲ್ಲ ಅದೇ ಅಡ್ಡ ಕೂತಿದೆ ಅಂತ ನನಗೆ ಕಾಣುತ್ತದೆ.

ಕೆಲಸದ ನಡುವೆ ಅವರ ನೆನಪಾಗದೆ ಇದ್ದರೆ ಅದು ಮರೆವಲ್ಲ, ತಪ್ಪಂತೂ ಅಲ್ಲವೇ ಅಲ್ಲ. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಎಂಬ ಇಬ್ಬರು ಸಂಶೋಧಕರು, ಸಂಗಾತಿಯನ್ನು ಕಳೆದುಕೊಂಡವರ ವಿಷಯವಾಗಿಯೇ 1999ರಲ್ಲಿ ಒಂದು ವಿವರಣೆ ಕೊಟ್ಟರು. ಅದರ ಸಾರ ಇಷ್ಟೇ. ದುಃಖದಲ್ಲಿರುವ ಮನಸ್ಸು ಒಂದೇ ಕಡೆ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು ಹೋದವರ ಕಡೆ ಇರುತ್ತದೆ, ಸ್ವಲ್ಪ ಹೊತ್ತು ಇವತ್ತಿನ ಕೆಲಸದ ಕಡೆ ಹೋಗುತ್ತದೆ, ಮತ್ತೆ ವಾಪಸ್ ಬರುತ್ತದೆ. ಈ ಹೋಗಿಬರುವುದೇ ಆರೋಗ್ಯ. ಇಡೀ ದಿನ ಅಳುತ್ತಾ ಕೂತರೂ ಕಷ್ಟ, ಒಮ್ಮೆಯೂ ಅಳದೆ ಗೊಬ್ಬರದ ಲೆಕ್ಕ ಮಾತ್ರ ನೋಡಿದರೂ ಕಷ್ಟ. ನೀವು ಎರಡನ್ನೂ ಮಾಡುತ್ತಿದ್ದೀರಿ. ಹಟ್ಟಿ ಗೊಬ್ಬರ ಹೊರಿಸುವಾಗ ಅವರು ನೆನಪಾಗಲಿಲ್ಲ, ಚಾ ಕುಡಿಯಲು ಕೂತಾಗ ಗಂಟಲು ಕಟ್ಟಿತು. ಹೀಗೆಯೇ ಆಗುವುದು.

ದುಃಖಕ್ಕೆ ಐದು ಹಂತ ಇದೆ, ನೀನಿನ್ನೂ ಎರಡರಲ್ಲೇ ಇದ್ದೀ ಅಂತ ಯಾರಾದರೂ ವಾಟ್ಸಾಪ್ ಓದಿ ಹೇಳಿದರೆ ಸುಮ್ನೆ ನಕ್ಕುಬಿಡಿ. ಆ ಐದು ಹಂತಗಳನ್ನು ಎಲಿಸಬೆತ್ ಕೂಬ್ಲರ್ ರಾಸ್ ಎಂಬ ವೈದ್ಯೆ 1969ರಲ್ಲಿ ಹೇಳಿದ್ದು ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆ ಮಾತಾಡಿ. ಅದು ಮನೆಯಲ್ಲಿ ಉಳಿದವರ ಟೈಮ್‌ಟೇಬಲ್ ಅಲ್ಲ.

ಈಗ ಆ ನಾಲ್ಕು ಸಾಲು.

ನಿಮಗೆ ಬರೆಯಲು ಬರುವುದಿಲ್ಲ ಅಂತಲ್ಲ. ಪುಣ್ಯಸ್ಮರಣೆಯ ಜಾಹೀರಾತು ಹೇಗಿರುತ್ತದೆಯೋ ಹಾಗೆ ಬರೆಯಬೇಕು ಅಂದುಕೊಂಡಿದ್ದೀರಿ. ಅದಕ್ಕೇ ಸಾಲು ಬರುತ್ತಿಲ್ಲ. ನಮ್ಮ ಜಿಲ್ಲೆಯ ಪೇಪರಿನಲ್ಲಿ ದಿನಾ ನೋಡುತ್ತೇವಲ್ಲ: ಸರಳ ಸಜ್ಜನ, ಮೃದುಭಾಷಿ, ಕೊಡುಗೈ ದಾನಿ, ಪ್ರಗತಿಪರ ಕೃಷಿಕ. ಫೋಟೋ ಬದಲಾಯಿಸಿದರೆ ಇನ್ನೊಬ್ಬರಿಗೂ ಆಗುತ್ತದೆ. ಮೂವತ್ತು ವರ್ಷ ಜೊತೆಗಿದ್ದ ಹೆಂಡತಿಗೆ ಆ ಮಾತಿನಲ್ಲಿ ಗಂಡ ಕಾಣುವುದಿಲ್ಲ. ಕಾಣದವರ ಬಗ್ಗೆ ಬರೆಯುವುದು ಹೇಗೆ?

ತೋಟ ನಡೆಸಿದವರ ಗುಣ ಇರುವುದು ಕೆಲಸದಲ್ಲಿ. ಯಾವ ಮರದ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದರು, ಕೊಯ್ಲಿನವರು ಕೈಕೊಟ್ಟ ದಿನ ಏನು ಮಾಡುತ್ತಿದ್ದರು, ಅಡಿಕೆಗೆ ರೇಟು ಬಿದ್ದಾಗ ಯಾರಿಗೆ ಫೋನ್ ಮಾಡುತ್ತಿದ್ದರು. ಅವರನ್ನು ನೆನೆಯುವುದು ಎಂದರೆ ಅವರು ಈ ತೋಟವನ್ನು ಹೇಗೆ ನಡೆಸಿದರು ಅಂತ ಬರೆದಿಡುವುದು. ನಿಮ್ಮ ಮನೆಯ ಮಟ್ಟಿಗೆ ನನಗಿರುವುದು ಈ ಒಂದೇ ಸಲಹೆ. ತೋಟವನ್ನು ಮುಂದೆ ಏನು ಮಾಡುವುದು ಅನ್ನುವ ಪ್ರಶ್ನೆಯೂ ಇದರಿಂದಲೇ ಸಡಿಲವಾಗುತ್ತದೆ.

ಹಾಗಾಗಿ ಕ್ಯಾಲೆಂಡರ್‌ನ ಕಟ್ಟು ಬಿಚ್ಚಿ. ಆದರೆ ಒಬ್ಬರೇ ಬೇಡ, ರಾತ್ರಿ ಹೊತ್ತೂ ಬೇಡ. ಮಗಳು ಊರಿಗೆ ಬಂದಾಗ, ಹಗಲು, ಚಾವಡಿಯಲ್ಲಿ ಕೂತು ಬಿಚ್ಚಿ. ಬಿಚ್ಚುವಾಗ ಒಂದು ಉಪಾಯ ಇದೆ. ವರ್ಷದ ಪ್ರಕಾರ ಓದಬೇಡಿ, ತಿಂಗಳ ಪ್ರಕಾರ ಓದಿ. ಈಗ ಮೇ ಆದರೆ ಎಲ್ಲ ಕ್ಯಾಲೆಂಡರ್‌ಗಳ ಮೇ ಹಾಳೆಯನ್ನು ಮಾತ್ರ ಸಾಲಾಗಿ ಹರಡಿ. ವರ್ಷದ ಪ್ರಕಾರ ಹೋದರೆ ಕೊನೆಗೆ ಹೋದ ಆಟಿಯ ಹಾಳೆಗೆ ಬಂದು ನಿಲ್ಲುತ್ತೀರಿ, ಅಲ್ಲಿಂದ ಮುಂದೆ ಖಾಲಿ. ತಿಂಗಳ ಪ್ರಕಾರ ಹೋದರೆ ಒಬ್ಬ ಮನುಷ್ಯ ಮೇ ತಿಂಗಳಲ್ಲಿ ಏನೇನು ಮಾಡುತ್ತಾನೆ ಅಂತ ಕಾಣುತ್ತದೆ. ಒಂದು ವರ್ಷ ಮಳೆ ಬೇಗ ಬಂತು, ಇನ್ನೊಂದು ವರ್ಷ ಪಂಪ್ ಕೆಟ್ಟಿತು, ಮತ್ತೊಂದು ವರ್ಷ ಮಗಳ ಹತ್ತನೇ ಕ್ಲಾಸಿನ ರಿಸಲ್ಟು.

ನಮ್ಮ ಕಡೆ ಮನೆಗಳ ಕ್ಯಾಲೆಂಡರ್ ಗೊತ್ತಲ್ವಾ. ಹಾಲಿನ ಲೆಕ್ಕ, ಆಳುಗಳ ಹಾಜರಿ, ಗ್ಯಾಸ್ ಬಂದ ದಿನ, ಕರೆಂಟ್ ಬಿಲ್ಲು, ನೇಮದ ತಾರೀಕು, ಎಲ್ಲ ಅದೇ ಚೌಕದೊಳಗೆ. ಕಟಪಾಡಿ ಕಡೆಯ ಒಂದು ಮನೆಯಲ್ಲಿ ಇಂಥದೇ ಒಂದು ಹಾಳೆ ನೋಡಿದ್ದೆ. ಒಂದು ತಾರೀಕಿನ ಕೆಳಗೆ ಪೆನ್ಸಿಲಿನಲ್ಲಿ ‘2 ಅಟ್ಟೆ 1 ಚೆಂಡು’ ಅಂತಿತ್ತು. ಅದರ ಕೆಳಗೆ ‘ಸುಣ್ಣ ಸಾಲದು’. ಮೂಲೆಯಲ್ಲಿ ಸಣ್ಣದಾಗಿ ‘ಇವಳಿಗೆ ಜ್ವರ’. ಆ ಮನೆಯ ಅಮ್ಮ ಮೂರನೆಯದನ್ನು ಓದಿ ಅತ್ತರು. ನನಗೆ ಮೂರೂ ಒಂದೇ ಸಾಲಿನ ಹಾಗೆ ಕಂಡಿತು. ಆ ದಿನ ಆ ಮನುಷ್ಯನ ತಲೆಯಲ್ಲಿ ಇದ್ದದ್ದು ಈ ಮೂರೇ.

ಅದರಲ್ಲಿ ಲೆಕ್ಕವೂ ಇದೆ, ನೋಡಿ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಿಮಗೆ ನಾನು ಹೇಳಬೇಕಾಗಿಲ್ಲ, ಬೆಂಗಳೂರಿನ ಮಗಳಿಗೆ ಹೇಳಬೇಕಾದೀತು. ‘2 ಅಟ್ಟೆ 1 ಚೆಂಡು’ ಅಂದರೆ ಆ ದಿನ 7,200 ಮೊಗ್ಗು. ದಿನಾ ಹಾಗೆ ಗೀಚಿದ್ದರೆ ನಿಮ್ಮ ಮಲ್ಲಿಗೆ ಯಾವ ತಿಂಗಳು ಎಷ್ಟು ಕೊಟ್ಟಿತು, ಗಿಡ ಸವರಿದ ಮೇಲೆ ಎಷ್ಟು ದಿನಕ್ಕೆ ಮೊಗ್ಗು ಬಂತು, ನೆಲಗಡಲೆ ಹಿಂಡಿ ಹಾಕಿದ ವರ್ಷ ಏನಾಯಿತು, ಎಲ್ಲ ಸಿಗುತ್ತದೆ. ಶಂಕರಪುರದಲ್ಲಿ ದಿನಾ ಹೂವಿನ ಕಟ್ಟೆಯ (ಮಾರುಕಟ್ಟೆಯ) ರೇಟು ಆಗುತ್ತದೆ. ಆ ರೇಟನ್ನೂ ಪಕ್ಕದಲ್ಲಿ ಬರೆದಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ಮಣ್ಣಿನ ಇಷ್ಟು ವರ್ಷದ ಲೆಕ್ಕ ಬೇರೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಮಗಳು ಅದನ್ನೆಲ್ಲ ಫೋನಿನಲ್ಲಿ ಫೋಟೋ ತೆಗೆದಿಡಲಿ. ಗೆದ್ದಲಿಗೆ ನಮ್ಮ ಕಡೆ ಹಳೆ ಕಾಗದ ಅಂದರೆ ಭಾರಿ ಪ್ರೀತಿ.

‘ಹೂ ಕಟ್ಟಿದ್ದು ಬಿಟ್ಟರೆ ವ್ಯವಹಾರ ನೋಡಿದವಳಲ್ಲ’ ಅಂತ ಬರೆದಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಬೆಳಕಾಗುವ ಮೊದಲು ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, ಗಾಡಿ ಬರುವ ಹೊತ್ತಿಗೆ ರೆಡಿ ಮಾಡುವುದು ವ್ಯವಹಾರ ಅಲ್ಲದೆ ಮತ್ತೇನು? ಮೊಗ್ಗು ಸಣ್ಣದಾದದ್ದು, ಹುಳ ಬಿದ್ದದ್ದು, ಬಣ್ಣ ಕೆಟ್ಟದ್ದು ಮೊದಲು ಗೊತ್ತಾಗುವುದು ಕಟ್ಟುವವರ ಬೆರಳಿಗೆ. ನಿಮ್ಮ ಮನೆಯವರು ಗಿಡದ ಹತ್ತಿರ ಹೋಗುವ ಮೊದಲು ನಿಮ್ಮ ಹತ್ತಿರ ಕೇಳಿರಬೇಕು. ಅದನ್ನೇ ಬರೆಯಿರಿ. ‘ಇವತ್ತು ಮೊಗ್ಗು ಹೇಗುಂಟು ಅಂತ ಕೇಳುತ್ತಿದ್ದರು’ ಅಂತ ಒಂದು ಸಾಲು ಬರೆದರೆ ನಾಲ್ಕರಲ್ಲಿ ಒಂದು ಮುಗಿಯಿತು. ಮನೆಮಾತು ತುಳುವಾದರೆ ತುಳುವಿನಲ್ಲೇ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಮಗಳು ಕನ್ನಡಕ್ಕೆ ಇಳಿಸಲಿ. ಪೆನ್ನು ಹಿಡಿದರೆ ಹೆದರುವವರು ಮಾತಿಗೆ ಕೂತರೆ ನಿಲ್ಲಿಸುವುದಿಲ್ಲ.

ಅವರ ಜೊತೆ ಕೆಲಸ ಮಾಡಿದವರನ್ನೂ ಕೇಳಿ. ಅಡಿಕೆ ಕೊಯ್ಯುವವರು, ಕಳೆ ತೆಗೆಯಲು ಬರುವ ಹೆಂಗಸರು, ಹೂವಿನ ಏಜೆಂಟು, ಸೊಸೈಟಿಯಲ್ಲಿ ಅವರ ಪಕ್ಕ ಕೂರುತ್ತಿದ್ದವರು. ಉತ್ತರಕ್ರಿಯೆಯ ನುಡಿನಮನದಲ್ಲಿ ಮೈಕ್ ಹಿಡಿದದ್ದು ಊರ ಗಣ್ಯರು. ಇವರೆಲ್ಲ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇದ್ದರು. ಇವರ ಬಳಿ ಕೇಳಲು ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ತೋಟದ ವ್ಯವಹಾರ ಅರ್ಧಕ್ಕರ್ಧ ಬಾಯಿಮಾತಿನಲ್ಲೇ ನಡೆಯುವುದು. ಯಾರಿಗೆ ಎಷ್ಟು ಅಡ್ವಾನ್ಸ್ ಕೊಟ್ಟಿದ್ದರು, ತೋಡಿನ ನೀರಿಗೆ ಪಕ್ಕದ ಮನೆಯವರ ಜೊತೆ ಏನು ಮಾತಾಗಿತ್ತು, ತೋಡಿಗೆ ಅಡ್ಡ ಕಟ್ಟ ಕಟ್ಟುವಾಗ ನಿಮ್ಮ ಪಾಲು ಎಷ್ಟು, ತೋಟಕ್ಕೆ ತಾಗಿದ ಕುಮ್ಕಿ ಸರ್ಕಾರಿ ಜಾಗದಿಂದ ಸೊಪ್ಪು ತರಗೆಲೆ ಯಾರು ತರುತ್ತಿದ್ದರು. ಹೇಳುವವರು ಹೋದರೆ ಇದೆಲ್ಲ ಹೋಯಿತು. ನಿಮ್ಮ ಮನೆಯವರ ಪ್ರಾಯದ ಜನ ಇನ್ನೂ ಇದ್ದಾರೆ. ಈಗಲೇ ಕೇಳಿ.

ಒಂದು ವಿಷಯದಲ್ಲಿ ಧೈರ್ಯ ಬೇಕು. ಅವರ ತಪ್ಪುಗಳನ್ನೂ ಬಿಡಬೇಡಿ. 2003ರ ಹೊತ್ತಿಗೆ ನಮ್ಮ ಜಿಲ್ಲೆಗಳಲ್ಲಿ ವೆನಿಲ್ಲಾದ ಹುಚ್ಚು ಹಿಡಿದಿತ್ತು. ರೇಟು ಆಕಾಶಕ್ಕೆ ಹೋಯಿತು, ಎಷ್ಟೋ ಮಂದಿ ಸಾಲ ಮಾಡಿ ಬಳ್ಳಿ ಹಬ್ಬಿಸಿದರು, ಒಂದೆರಡು ವರ್ಷದಲ್ಲಿ ರೇಟು ನೆಲಕ್ಕೆ ಬಿತ್ತು. ನಿಮ್ಮ ತೋಟದಲ್ಲೂ ಆ ಬಳ್ಳಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ ಅದನ್ನೂ ಪುಸ್ತಕದಲ್ಲಿ ಹಾಕಿ. ಸಿಟ್ಟಿನಲ್ಲಿ ಅವರು ಎರಡು ದಿನ ಮಾತಾಡದೆ ಇದ್ದದ್ದನ್ನೂ ಹಾಕಿ. ಹೋದವರನ್ನು ದೇವರ ಮಂಟಪದಲ್ಲಿ ಕೂರಿಸಿದರೆ ಉಳಿದವರಿಗೆ ಅವರ ಜೊತೆ ಜಗಳ ಮಾಡಲು ಆಗುವುದಿಲ್ಲ. ಮಗನಂತೂ ಅಂಥ ಅಪ್ಪನ ತೋಟಕ್ಕೆ ಕೈ ಹಾಕಲು ಹೆದರುತ್ತಾನೆ. ಅಪ್ಪನೂ ವೆನಿಲ್ಲಾ ನೆಟ್ಟು ಕೈ ಸುಟ್ಟುಕೊಂಡಿದ್ದರು ಅಂತ ಗೊತ್ತಾದರೆ ಅವನಿಗೂ ಉಸಿರು ಬಂದೀತು.

ಇನ್ನು ಲೀಸು. ಮೈದುನನ ಮನಸ್ಸಿನಲ್ಲಿ ಕೆಟ್ಟದ್ದಿದೆ ಅಂತ ನಾನು ಹೇಳುವುದಿಲ್ಲ. ಅತ್ತಿಗೆ ಒಬ್ಬರೇ ಹೇಗೆ ನೋಡಿಕೊಳ್ಳುತ್ತಾರೆ ಅನ್ನುವ ಚಿಂತೆಯೇ ಇರಬಹುದು. ಆದರೆ ಕೆಲವು ವಿನಾಯಿತಿ ಬಿಟ್ಟರೆ ನಮ್ಮ ರಾಜ್ಯದ ಭೂಸುಧಾರಣಾ ಕಾಯ್ದೆಯಲ್ಲಿ ಕೃಷಿ ಭೂಮಿಯನ್ನು ಗೇಣಿಗೆ ಕೊಡುವಂತಿಲ್ಲ. ನಿಮ್ಮ ಮಾವನಿಗೆ ಜಾಗ ಸಿಕ್ಕಿದ್ದೇ 1974ರಲ್ಲಿ ತಿದ್ದುಪಡಿಯಾದ ಆ ಕಾನೂನಿನಿಂದ, ಅಲ್ವಾ? ಹಾಗಾಗಿ ಛಾಪಾ ಕಾಗದದ ಲೀಸ್ ಎಗ್ರಿಮೆಂಟಿಗೆ ಸಹಿ ಹಾಕಬೇಡಿ. ನಿಮಗೆ ಅಷ್ಟು ಕಷ್ಟ ಆಗುತ್ತಿದ್ದರೆ ಒಂದು ವರ್ಷದ ಅಡಿಕೆ ಫಸಲನ್ನು ಮಾತ್ರ ಗುತ್ತಿಗೆಗೆ ಕೊಡುವ ಕ್ರಮ ನಮ್ಮಲ್ಲಿ ಇದೆ. ಅದನ್ನೂ ವಕೀಲರಿಗೆ ತೋರಿಸಿಯೇ ಬರೆಸಿ. ಮಲ್ಲಿಗೆ ನಿಮ್ಮ ಕೈಯಲ್ಲೇ ಇರಲಿ. ದಿನಾ ಕೈಗೆ ಕಾಸು ಬರುವ ಬೆಳೆ ಅದು.

ಮಾರುವ ಮಾತು, ದೊಡ್ಡ ಬದಲಾವಣೆಯ ಮಾತು, ಇದನ್ನೆಲ್ಲ ವರ್ಷಾಂತಿಕ ಕಳೆದು ಇನ್ನೊಂದು ಸುತ್ತು ಮಳೆ, ಕೊಯ್ಲು, ಒಣಗಿಸುವುದು ಮುಗಿಯುವವರೆಗೆ ಮುಂದಕ್ಕೆ ಹಾಕಿ. ನಿಮ್ಮ ಕೈಯಲ್ಲೇ ಒಂದು ವರ್ಷ ನಡೆದರೆ ತೋಟ ಏನು ಕೇಳುತ್ತದೆ, ನಿಮಗೆ ಎಷ್ಟು ಆಗುತ್ತದೆ ಅಂತ ಗೊತ್ತಾಗುತ್ತದೆ.

ಮುಂದಕ್ಕೆ ಹಾಕಬಾರದ್ದು ಕಾಗದದ ಕೆಲಸ. ನೀವು ಬರೆಯಲಿಲ್ಲ, ಆದರೂ ಹೇಳುತ್ತೇನೆ. ಪಹಣಿ ಇನ್ನೂ ಅವರ ಹೆಸರಿನಲ್ಲಿದ್ದರೆ, ಅಥವಾ ಮಾವನ ಹೆಸರಿನಲ್ಲೇ ಇದ್ದರೆ, ಪೌತಿ ಖಾತೆಗೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಲು, ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್ ಬೇಕು. ಮಾವನಿಂದ ಬಂದ ಜಾಗ ಆದ್ದರಿಂದ ಅಣ್ಣತಮ್ಮಂದಿರ ನಡುವೆ ವಿಭಾಗಪತ್ರ ಆಗಿದೆಯೋ ಇಲ್ಲವೋ ಮೊದಲು ನೋಡಿ. ಆಗಿಲ್ಲದಿದ್ದರೆ ಮೈದುನನಿಗೂ ಅದರಲ್ಲಿ ಹಕ್ಕು ಇರಬಹುದು. ಲೀಸಿನ ಮಾತಿನ ಹಿಂದೆ ಅದೇ ಇದ್ದರೆ ಮುಚ್ಚುಮರೆ ಇಲ್ಲದೆ ಕೂತು ಮಾತಾಡುವುದು ಒಳ್ಳೆಯದು. ನಿಮ್ಮ ಮನೆಯವರ ಪಾಲಿಗೆ ಬಂದದ್ದಕ್ಕೆ, ಉಯಿಲು ಇಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನೀವು, ಮಗ, ಮಗಳು, ಅತ್ತೆ ಇದ್ದರೆ ಅತ್ತೆ, ಎಲ್ಲರೂ ಸಮಪಾಲಿನ ವಾರಸುದಾರರು. ಬ್ಯಾಂಕಿನಲ್ಲಿ ಒಬ್ಬರು ನಾಮಿನಿ ಅಂತ ಇದ್ದರೆ ಹಣ ಅವರ ಕೈಗೆ ಬರುತ್ತದೆ ಅಷ್ಟೇ, ಅವರೊಬ್ಬರದ್ದೇ ಆಗುವುದಿಲ್ಲ. ಸೊಸೈಟಿಯ ಪಾಲು, ಬೆಳೆ ಸಾಲ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಸದಸ್ಯತನ ಇದ್ದರೆ ಅದು, ಪಂಪಿನ ಕರೆಂಟ್ ಕನೆಕ್ಷನ್ನಿನ ಮೆಸ್ಕಾಂ ಆರ್.ಆರ್. ನಂಬರ್, ಇವನ್ನೂ ಒಂದೊಂದಾಗಿ ಬದಲಾಯಿಸಿ. ಅಡಿಕೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ, ಮಳೆಗಾಲ ಶುರುವಾಗುವ ಹೊತ್ತಿಗೇ ಅದರ ನೋಂದಣಿ ನಡೆಯುತ್ತದೆ. ಪಹಣಿ ತೀರಿಹೋದವರ ಹೆಸರಿನಲ್ಲಿದ್ದರೆ ಅಲ್ಲಿ ತೊಡಕಾಗುತ್ತದೆ. ಇದಕ್ಕೆ ಓಡಾಡಲು ಮೈದುನನನ್ನೇ ಕರೆಯಿರಿ. ಸಹಾಯ ಮಾಡಬೇಕು ಅಂತ ಇರುವವರಿಗೆ ಕೆಲಸ ಕೊಟ್ಟರೆ ಸಲಹೆ ಸ್ವಲ್ಪ ಕಡಿಮೆಯಾಗುತ್ತದೆ.

ಬಸ್ ತಂಗುದಾಣ ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮ ಊರಿನ ಮಳೆಗೆ ಅದರಷ್ಟು ಉಪಕಾರದ ಸ್ಮಾರಕ ಬೇರೆ ಇಲ್ಲ. ಆದರೆ ಪಂಚಾಯತ್ ಒಪ್ಪಿಗೆ ಬೇಕು, ರಸ್ತೆ ಅಗಲ ಮಾಡುವಾಗ ಕೆಡವಿಯಾರು, ಐದಾರು ವರ್ಷದಲ್ಲಿ ಹೆಸರಿನ ಮೇಲೆ ಟ್ಯೂಷನ್ ಕ್ಲಾಸಿನ ಪೋಸ್ಟರ್ ಬಿದ್ದೀತು. ಇದಕ್ಕೆಲ್ಲ ಮನಸ್ಸು ಗಟ್ಟಿ ಇದ್ದರೆ ಕಟ್ಟಿಸಿ, ವರ್ಷಕ್ಕೊಮ್ಮೆ ಬಣ್ಣ ಹೊಡೆಸುವವರು ಯಾರು ಅಂತ ಈಗಲೇ ತೀರ್ಮಾನ ಮಾಡಿ. ನನಗೆ ಕೇಳಿದರೆ, ವರ್ಷಾಂತಿಕಕ್ಕೆ ಬಂದವರಿಗೆಲ್ಲ ಅವರ ನರ್ಸರಿಯ ಒಂದೊಂದು ಮಲ್ಲಿಗೆ ಗಿಡ ಕೊಡಿ. ಆಟಿಯಲ್ಲಿ ನೆಲ ಹಸಿಯಾಗಿರುತ್ತದೆ, ನೀರು ನಿಲ್ಲದ ಕಡೆ ನೆಟ್ಟರೆ ಬೇರು ಹಿಡಿಯುತ್ತದೆ. ಗಿಡ ಎಷ್ಟು ಉಳಿದಿದೆ ಅಂತ ಮಾತ್ರ ಈಗಲೇ ನೋಡಿ, ಸಾಲದಿದ್ದರೆ ಹೊಸತಾಗಿ ಬೇರು ಬರಿಸಲು ಸಮಯ ಬೇಕು. ತಾಳಮದ್ದಳೆ ಪ್ರೀತಿಯಿದ್ದ ಮನುಷ್ಯರಾದರೆ ಒಂದು ತಾಳಮದ್ದಳೆ ಇಡಿಸಿ. ಕೂಟಕ್ಕೆ ಬಂದವರು ಪ್ರಸಂಗ ಮುಗಿದ ಮೇಲೆ ಅವರ ಕಥೆಯನ್ನೂ ಹೇಳಿ ಹೋಗುತ್ತಾರೆ.

ಮಲ್ಲಿಗೆಯ ಮಾತು ಬಂದದ್ದಕ್ಕೆ ಇನ್ನೊಂದು. ನೀವು ಕೇಳಿಲ್ಲ, ಕೇಳಲು ಸಂಕೋಚ ಇರಬಹುದು. ಊರವರ ಮದುವೆಗೆಲ್ಲ ಹೂ ಕಟ್ಟಿಕೊಟ್ಟು ತಾನು ಮುಡಿಯದೆ ಇರುವ ಹೆಂಗಸರು ನಮ್ಮ ಕಡೆ ತುಂಬ ಮಂದಿ. ಮುಡಿಯಬೇಕು ಅನಿಸಿದರೆ ಮುಡಿಯಿರಿ. ಬೇಡ ಅನಿಸಿದರೆ ಬಿಡಿ. ಅದು ನಿಮಗೆ ಅನಿಸಬೇಕಾದದ್ದು, ನೆರೆಮನೆಯವರಿಗಲ್ಲ. ನಿಮ್ಮ ತೋಟದ ಹೂವಿಗೆ ಬೇರೆಯವರ ಅಪ್ಪಣೆ ಯಾಕೆ?

ಆರೋಗ್ಯದ ಮಾತನ್ನೂ ಹೇಳಿಬಿಡುತ್ತೇನೆ. ನಿಮ್ಮ ಪತ್ರ ಓದಿದರೆ ನನಗೆ ಹೆದರಿಕೆ ಆಗುವುದಿಲ್ಲ. ಕೆಲಸ ಮಾಡುತ್ತೀರಿ, ಅಳುತ್ತೀರಿ, ಮಕ್ಕಳ ಜೊತೆ ಮಾತಾಡುತ್ತೀರಿ. ಆದರೆ ಊಟ ನಿದ್ದೆ ಪೂರ್ತಿ ಕೆಟ್ಟು, ಅವರು ಹೋದದ್ದನ್ನು ನಂಬಲಿಕ್ಕೇ ಆಗದೆ, ಯಾರ ಜೊತೆಯೂ ಸೇರಲಾಗದೆ, ದಿನಾ ಅದೇ ಸಂಕಟದಲ್ಲಿ ಇದ್ದರೆ ಬೇರೆ ಮಾತು. ಅಂಥದ್ದು ಆರು ತಿಂಗಳು ಕಳೆದರೂ ಇಳಿಯದಿದ್ದರೆ ಅದನ್ನು ಚಿಕಿತ್ಸೆ ಬೇಕಾದ ದುಃಖ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿ ಗುರುತಿಸುತ್ತದೆ. ಬದುಕುವುದೇ ಬೇಡ ಅನ್ನುವ ಯೋಚನೆ ಬಂದರಂತೂ ತಿಂಗಳು ಎಣಿಸಬೇಡಿ, ಅವತ್ತೇ ಯಾರಿಗಾದರೂ ಹೇಳಿ. ಸರ್ಕಾರದ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆಯಾಗಿ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.

ಈ ವಾರದ ಕೆಲಸ ಏನು ಅಂತ ಕೇಳಿದರೆ, ಅಡಿಕೆಗೆ ಮದ್ದು ಬಿಡುವವರಿಗೆ ಫೋನ್ ಮಾಡಿ ದಿನ ಗೊತ್ತು ಮಾಡಿ. ಮಳೆಗಾಲದ ಮುಂಚಿನ ಪತ್ತನಾಜೆ (ಮೇ ಕೊನೆಯ ಹೊತ್ತು) ಹತ್ತಿರ ಬಂತು, ಆಮೇಲೆ ಅವರು ಸಿಗುವುದು ಕಷ್ಟ. ಮೊದಲ ಮಳೆ ಜೋರಾಗುವ ಮೊದಲು ಒಮ್ಮೆ, ಅಲ್ಲಿಂದ 40-45 ದಿನಕ್ಕೆ ಇನ್ನೊಮ್ಮೆ ಬೋರ್ಡೋ ದ್ರಾವಣ ಬಿಡದಿದ್ದರೆ ಕೊಳೆರೋಗಕ್ಕೆ ಅಡಿಕೆ ಉದುರುತ್ತದೆ. ಎರಡನೆಯದು ಸರಿಯಾಗಿ ವರ್ಷಾಂತಿಕದ ಗಡಿಬಿಡಿಯಲ್ಲೇ ಬರುತ್ತದೆ, ಅದರ ದಿನವನ್ನೂ ಈಗಲೇ ಹೇಳಿಡಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ. ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಐವತ್ತೈವತ್ತು ಲೀಟರಿಗೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಹೊಯ್ಯಬೇಕು. ಆಮೇಲೆ ಹೊಳೆಯುವ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಕಲಸಿದ್ದನ್ನು ಅವತ್ತೇ ಮುಗಿಸಬೇಕು. ನಿಮ್ಮ ಮನೆಯವರ ಅಳತೆ ಬೇರೆ ಏನಾದರೂ ಇತ್ತೋ ಅಂತ ಮೇ ಹಾಳೆಗಳಲ್ಲಿ ಹುಡುಕಿ, ಮದ್ದು ಬಿಡುವವರನ್ನೂ ಕೇಳಿ. ಅವರಿಗೆ ನೆನಪಿರುತ್ತದೆ.